ಹೆಪ್ಪು ಇಸ್ಕೊಂಡವರ ಲೆಕ್ಕ

ಕೆಲಸಕ್ಕೆ ಸೇರಿ ಮೂರನೇ ವರ್ಷದಲ್ಲಿ ನಾನೊಂದು ಕಳ್ಳಕೆಲಸ ಮಾಡಿದ್ದೆ. ಪೊಲೀಸರು ಹುಡುಕಿಕೊಂಡು ಬರುವಂಥದ್ದೇನಲ್ಲ. ನಾಲ್ಕು ಸಾಲು ಕೋಡ್ ಅಷ್ಟೆ. ಅವತ್ತು ನಮ್ಮ ಮ್ಯಾನೇಜರ್ ಬೆನ್ನು ತಟ್ಟಿದ್ದರು, ನನಗೂ ಹೆಮ್ಮೆಯಾಗಿತ್ತು. ಅದು ಕಳ್ಳಕೆಲಸ ಅಂತ ಅನ್ನಿಸೋಕೆ ಸುಮಾರು ಒಂದು ವರ್ಷ ಬೇಕಾಯ್ತು.

ವಿಷಯ ಇಷ್ಟು. ನಾವು ಗ್ರಾಹಕರಿಗೆ ಮಾರುತ್ತಿದ್ದ ಒಂದು ಸಾಫ್ಟ್‌ವೇರಿನಲ್ಲಿ ಆದೇಶ ಟೈಪ್ ಮಾಡುವ ಒಂದು ಕಿಟಕಿ ಇತ್ತು. ಅಲ್ಲಿ ತಪ್ಪಾದರೆ ಹಿಂದಕ್ಕೆ ಹೋಗಿ ತಿದ್ದೋದು, ಮೇಲಿನ ಬಾಣದ ಗುಂಡಿ ಒತ್ತಿದರೆ ಹಿಂದೆ ಟೈಪ್ ಮಾಡಿದ್ದು ಮತ್ತೆ ಬರೋದು, ಇವೆಲ್ಲ ಬೇಕಿತ್ತು. ಇದನ್ನೆಲ್ಲ ಮಾಡಿಕೊಡುವ ರೀಡ್‌ಲೈನ್ ಅನ್ನೋ ಲೈಬ್ರರಿ ಬಹಳ ಹಿಂದಿನಿಂದ ಇದೆ. ಲಿನಕ್ಸ್ ಬಳಸುವವರೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ದಿನಾ ಅದನ್ನು ಬಳಸಿರುತ್ತಾರೆ. ನಾನು ಅದನ್ನು ನಮ್ಮ ಪ್ರೋಗ್ರಾಮಿಗೆ ಲಿಂಕ್ ಮಾಡಿದೆ. ಒಂದು ಮಧ್ಯಾಹ್ನದ ಕೆಲಸ.

ಬಿಡುಗಡೆಗೆ ಎರಡು ವಾರ ಇದ್ದಾಗ ಯಾರೋ ಲೈಸೆನ್ಸ್ ನೋಡಿದರು. ರೀಡ್‌ಲೈನ್ ಇರೋದು ಜಿಪಿಎಲ್ ಲೈಸೆನ್ಸಿನಲ್ಲಿ. ಅದನ್ನು ಸೇರಿಸಿಕೊಂಡು ಕೊಟ್ಟರೆ ನಮ್ಮ ಸೋರ್ಸ್ ಕೋಡನ್ನೂ ಗ್ರಾಹಕರಿಗೆ ಅದೇ ಷರತ್ತಿನಲ್ಲಿ ಕೊಡಬೇಕು. ಮೀಟಿಂಗ್ ಆಯ್ತು. ಕೊನೆಗೆ ಒಬ್ಬ ಸೀನಿಯರ್ ಒಂದು ಉಪಾಯ ಹೇಳಿದರು. "ನಾವು ರೀಡ್‌ಲೈನ್ ಕೊಡೋದೇ ಬೇಡ. ನಮ್ಮ ಪ್ರೋಗ್ರಾಮ್ ಶುರುವಾದಾಗ ಗ್ರಾಹಕನ ಮೆಷಿನ್ನಿನಲ್ಲಿ ರೀಡ್‌ಲೈನ್ ಇದೆಯಾ ಅಂತ ನೋಡ್ಲಿ, ಇದ್ರೆ ತಾನೇ ಸೇರಿಸಿಕೊಳ್ಳಲಿ. ಬೆರೆಸಿದ್ದು ನಾವಲ್ಲ, ಗ್ರಾಹಕ." ಆ ನಾಲ್ಕು ಸಾಲು ಬರೆದವನು ನಾನು. ಜೊತೆಗೆ ಕೈಪಿಡಿಯಲ್ಲಿ 'ಉತ್ತಮ ಅನುಭವಕ್ಕಾಗಿ ರೀಡ್‌ಲೈನ್ ಹಾಕಿಕೊಳ್ಳಿ' ಅಂತ ಒಂದು ಸಾಲು.

ಆ ವರ್ಷ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ತಿಪಟೂರಿನ ಕಡೆ. ಮನೆಯಲ್ಲಿ ಹೆಪ್ಪು ಮುಗಿದಿತ್ತು. ಅಮ್ಮ ನನ್ನ ಕೈಗೆ ಒಂದು ಲೋಟ ಕೊಟ್ಟು, "ದೀಪ ಹಚ್ಚೋಕೆ ಮುಂಚೆ ಪಕ್ಕದ್ಮನೆ ದೊಡ್ಡಮ್ಮನ ಹತ್ರ ಒಂಚೂರು ಹೆಪ್ಪು ಇಸ್ಕೊಂಡ್ ಬಾ" ಅಂದರು. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಹಾಲು ಮೊಸರು ಕೊಡಲ್ಲ. ಓಡಿದೆ. ದೊಡ್ಡಮ್ಮ ಒಂದು ಚಮಚ ಮೊಸರು ಹಾಕಿ ಕೊಟ್ಟರು. ದುಡ್ಡಿನ ಮಾತೇ ಇಲ್ಲ. ಬರುವಾಗ ಯಾಕೋ ಆ ನಾಲ್ಕು ಸಾಲು ನೆನಪಾದವು. ತಲೆಯಲ್ಲಿ ಹುಳ ಬಿಟ್ಟ ಹಾಗಾಯ್ತು.

ಜಿಪಿಎಲ್ ಅನ್ನು ಬೈಯುವವರು ಅದು ವೈರಸ್ ಇದ್ದ ಹಾಗೆ ಅಂತಾರೆ. 2001ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರಿಗೇ ಹೋಲಿಸಿದ್ದರು. ಮುಟ್ಟಿದ್ದಕ್ಕೆಲ್ಲ ಅಂಟುತ್ತೆ ಅನ್ನೋ ಅರ್ಥದಲ್ಲಿ. ನನಗನ್ನಿಸೋದು, ಅವರ ಮನೆಯಲ್ಲಿ ಯಾರೂ ಹೆಪ್ಪು ಹಾಕಿರಲಿಕ್ಕಿಲ್ಲ. ವೈರಸ್ ಕೇಳಿ ಬರಲ್ಲ. ಹೆಪ್ಪನ್ನು ನಾವೇ ಲೋಟ ಹಿಡ್ಕೊಂಡು ಹೋಗಿ ಇಸ್ಕೊಂಡು ಬರ್ತೀವಿ.

ಹಾಲು ನಿಮ್ಮದು, ಹಸು ನಿಮ್ಮದು, ಹಿಂಡಿ ಹುಲ್ಲು ಹಾಕಿದವರೂ ನೀವೇ. ಅದಕ್ಕೆ ಒಂದು ಚಮಚ ಹೆಪ್ಪು ಬಿದ್ದರೆ ಬೆಳಗಾಗುವಷ್ಟರಲ್ಲಿ ಪಾತ್ರೆ ಪೂರ್ತಿ ಮೊಸರು. ಇದರಲ್ಲಿ ದೊಡ್ಡಮ್ಮನ ಮೊಸರು ಯಾವುದು, ನಮ್ಮ ಹಾಲು ಯಾವುದು ಅಂತ ಬೇರೆ ಮಾಡೋಕಾಗಲ್ಲ. ಈ ಮೊಸರನ್ನು ಮನೆಯಲ್ಲೇ ಉಂಡು ಮುಗಿಸಿದರೆ ಯಾರೂ ಕೇಳಲ್ಲ. ಮಾರಿದರೂ ತಪ್ಪಿಲ್ಲ. ಆದರೆ ಯಾರಿಗೆ ಮೊಸರು ಕೊಡ್ತೀರೋ ಅವರು ಅದನ್ನೇ ಹೆಪ್ಪಾಗಿ ಹಾಕಿಕೊಂಡು ತಮ್ಮ ಮನೆಯಲ್ಲಿ ಮತ್ತೆ ಮೊಸರು ಮಾಡಬಹುದು. ಅದನ್ನು ತಡೆಯೋಕೆ ನಿಮಗೆ ಹಕ್ಕಿಲ್ಲ.

ಜಿಪಿಎಲ್ ಹೇಳೋದು ಇದನ್ನೇ, ಹೆಚ್ಚೇನಿಲ್ಲ. ಆಫೀಸಿನ ಒಳಗೇ ಬಳಸಿಕೊಂಡರೆ ಯಾವ ಋಣವೂ ಇಲ್ಲ. ದುಡ್ಡಿಗೆ ಮಾರಬಹುದು. ಊರಿಗೆಲ್ಲ ಹಂಚಬೇಕು ಅಂತಲೂ ಅದು ಹೇಳಲ್ಲ. ಪ್ರೋಗ್ರಾಮನ್ನು ಯಾರಿಗೆ ಕೊಟ್ಟಿರೋ ಅವರಿಗೆ ಸೋರ್ಸ್ ಕೋಡೂ ಸಿಗಬೇಕು, ಅವರು ಅದನ್ನು ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು. ಸೋರ್ಸ್ ಇಲ್ಲದೆ ಬರೀ ಓಡುವ ಪ್ರೋಗ್ರಾಮ್ ಕೊಡೋದು ಅಂದರೆ ಹೆಪ್ಪಾಗದ ಮೊಸರು ಕೊಟ್ಟ ಹಾಗೆ. ತಿನ್ನಬಹುದು, ಮುಂದುವರಿಸೋಕಾಗಲ್ಲ.

ಇಲ್ಲಿ ಲಿಂಕ್ ಮಾಡೋದು ಅಂದರೇನು ಅಂತ ಒಂದು ಮಾತು ಹೇಳಬೇಕು. ಇವತ್ತು ಯಾವ ಪ್ರೋಗ್ರಾಮೂ ಒಬ್ಬನೇ ಬರೆದಿದ್ದಲ್ಲ. ಫೈಲ್ ತೆರೆಯೋಕೆ, ಚಿತ್ರ ತೋರಿಸೋಕೆ, ಗುಟ್ಟಾಗಿ ಸಂದೇಶ ಕಳಿಸೋಕೆ ಬೇರೆಯವರು ಬರೆದ ಲೈಬ್ರರಿಗಳಿರುತ್ತವೆ. ಅವುಗಳನ್ನು ನಮ್ಮ ಕೋಡಿಗೆ ಜೋಡಿಸೋದೇ ಲಿಂಕ್. ಮೊದಲೇ ಒಂದೇ ಫೈಲಾಗಿ ಕಲಸಿಬಿಟ್ಟರೆ ಅದು ಸ್ಟ್ಯಾಟಿಕ್. ಫೈಲುಗಳನ್ನು ಬೇರೆಬೇರೆ ಇಟ್ಟು, ಪ್ರೋಗ್ರಾಮ್ ಓಡುವಾಗ ಜೋಡಿಸಿಕೊಂಡರೆ ಡೈನಾಮಿಕ್. ಎರಡರಲ್ಲೂ ಓಡುವ ಹೊತ್ತಿಗೆ ನಿಮ್ಮ ಕೋಡು, ಅವರ ಕೋಡು ಒಂದೇ ಮೆಮೊರಿಯಲ್ಲಿ ಕೂತು, ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಾ ಕೆಲಸ ಮಾಡುತ್ತವೆ.

ಎಲ್ಲ ಲೈಸೆನ್ಸುಗಳೂ ಹೆಪ್ಪಿನ ಥರ ಅಲ್ಲ. ಎಂಐಟಿ, ಬಿಎಸ್‌ಡಿ ಅನ್ನೋವು ದಾರಿ ಬದಿಯ ಮಾವಿನ ಮರ. ಕಿತ್ಕೊಂಡು ತಿನ್ನಿ, ಉಪ್ಪಿನಕಾಯಿ ಹಾಕಿ ಮಾರಿ, ಮರ ನೆಟ್ಟವರ ಹೆಸರು ಮಾತ್ರ ಅಳಿಸಬೇಡಿ. ಎಲ್‌ಜಿಪಿಎಲ್ ಅನ್ನೋದು ಪಕ್ಕದ ಮನೆಯ ಒರಳು. ನಿಮ್ಮ ಮಸಾಲೆ ರುಬ್ಕೊಳ್ಳಿ, ಸಾರು ನಿಮ್ಮದೇ, ಅದರ ಗುಟ್ಟು ಯಾರೂ ಕೇಳಲ್ಲ. ಒರಳಿಗೇ ಏನಾದರೂ ರಿಪೇರಿ ಮಾಡಿ ಮುಂದಿನವರಿಗೆ ಕೊಟ್ಟರೆ ಆ ರಿಪೇರಿಯನ್ನು ಮುಚ್ಚಿಡಬಾರದು. ಇನ್ನೊಂದು ಷರತ್ತಿದೆ. ಸಾಫ್ಟ್‌ವೇರ್ ತೆಗೆದುಕೊಂಡವನು ಆ ಲೈಬ್ರರಿಯನ್ನು ತಾನೇ ತಿದ್ದಿ, ಹಳೆಯದನ್ನು ತೆಗೆದು ಹೊಸದನ್ನು ಜೋಡಿಸಿಕೊಳ್ಳೋಕೆ ಅವಕಾಶ ಇರಬೇಕು. ಡೈನಾಮಿಕ್ ಲಿಂಕ್ ಮಾಡಿದರೆ ಇದು ಸುಲಭ. ಎಲ್‌ಜಿಪಿಎಲ್ ಬಂದಿದ್ದು 1991ರಲ್ಲಿ, ಲೈಬ್ರರಿಗಳಿಗೆ ಅಂತಲೇ. 1999ರಲ್ಲಿ ಅದರ ಹೆಸರಿನಲ್ಲಿದ್ದ 'ಲೈಬ್ರರಿ' ಹೋಗಿ 'ಲೆಸ್ಸರ್' ಅಂತ ಆಯ್ತು. ಯಾಕಂದ್ರೆ ಎಲ್ಲ ಲೈಬ್ರರಿಗೂ ಇದನ್ನೇ ಹಾಕಬೇಡಿ, ಬೇರೆಲ್ಲೂ ಸಿಗದಂಥ ಲೈಬ್ರರಿ ಇದ್ದರೆ ಪೂರ್ತಿ ಜಿಪಿಎಲ್ ಹಾಕಿ ಅನ್ನೋದು ರಿಚರ್ಡ್ ಸ್ಟಾಲ್‌ಮನ್ ವಾದ. ಗ್ನೂ ಯೋಜನೆಯ ಸಿ ಲೈಬ್ರರಿ ಎಲ್‌ಜಿಪಿಎಲ್, ಅದೇ ಯೋಜನೆಯ ರೀಡ್‌ಲೈನ್ ಮಾತ್ರ ಜಿಪಿಎಲ್. ಅದು ಮರೆತು ಆಗಿದ್ದಲ್ಲ, ಬೇಕಂತಲೇ ಮಾಡಿದ್ದು.

ನಮ್ಮ ಸೀನಿಯರ್ ಹೇಳಿದ ಉಪಾಯ ಹೊಸದೇನಲ್ಲ ಅಂತ ಗೊತ್ತಾಗಿದ್ದು ಆಮೇಲೆ, ಹಳೆಯದನ್ನೆಲ್ಲ ಓದುತ್ತಾ ಕೂತಾಗ. ಸ್ಟೀವ್ ಜಾಬ್ಸ್ ಆಪಲ್ ಬಿಟ್ಟು ಕಟ್ಟಿದ ನೆಕ್ಸ್ಟ್ ಕಂಪನಿ ಇದನ್ನೇ ಯೋಚಿಸಿತ್ತು. ಜಿಸಿಸಿ ಅನ್ನೋ ಗ್ನೂ ಕಂಪೈಲರಿಗೆ ಅವರು ಆಬ್ಜೆಕ್ಟಿವ್ ಸಿ ಭಾಷೆಯ ಭಾಗವನ್ನು ಬರೆದಿದ್ದರು. ಅದರ ಸೋರ್ಸ್ ಕೊಡೋಕೆ ಇಷ್ಟವಿರಲಿಲ್ಲ. ನಮ್ಮ ಭಾಗವನ್ನು ಕಂಪೈಲ್ ಮಾಡಿ ಬೇರೆ ಕೊಡ್ತೀವಿ, ಬಳಸುವವರೇ ಲಿಂಕ್ ಮಾಡಿಕೊಳ್ಳಲಿ ಅಂದರು. ಸ್ಟಾಲ್‌ಮನ್ ವಕೀಲರನ್ನು ಕೇಳಿದರು. ಹಾಗೆ ತಪ್ಪಿಸಿಕೊಳ್ಳೋಕಾಗಲ್ಲ ಅಂತ ವಕೀಲರು ಹೇಳಿದರು. ಕೊನೆಗೆ ನೆಕ್ಸ್ಟ್ ಆ ಕೋಡನ್ನು ಬಿಟ್ಟುಕೊಟ್ಟಿತು.

ರೀಡ್‌ಲೈನಿನದೇ ಕಥೆ ಇನ್ನೊಂದಿದೆ. ಜರ್ಮನಿಯ ಬ್ರೂನೋ ಹೈಬಲ್ ಮತ್ತು ಮಿಖಾಯೆಲ್ ಶ್ಟೋಲ್ ಸಿಲಿಸ್ಪ್ ಅನ್ನೋ ಲಿಸ್ಪ್ ಭಾಷೆಯ ವ್ಯವಸ್ಥೆ ಬರೆದಿದ್ದರು. ಅದರಲ್ಲಿ ರೀಡ್‌ಲೈನ್ ಬಳಸಿದ್ದರು. 1992ರಲ್ಲಿ ಹೈಬಲ್ ಮತ್ತು ಸ್ಟಾಲ್‌ಮನ್ ನಡುವೆ ಇದರ ಬಗ್ಗೆ ಪತ್ರ ವ್ಯವಹಾರ ನಡೀತು. ರೀಡ್‌ಲೈನ್ ಇಲ್ಲದೆಯೂ ನಮ್ಮ ಪ್ರೋಗ್ರಾಮ್ ನಡೆಯುತ್ತೆ, ಹಾಗಿದ್ದ ಮೇಲೆ ನಮ್ಮದು ನಿಮ್ಮದರಿಂದ ಹುಟ್ಟಿದ್ದು ಹೇಗಾಗುತ್ತೆ ಅನ್ನೋದು ಹೈಬಲ್ ವಾದದ ತಿರುಳು. ಸ್ಟಾಲ್‌ಮನ್ ಒಪ್ಪಲಿಲ್ಲ. ಕೊನೆಗೆ ಸಿಲಿಸ್ಪ್ ಪೂರ್ತಿಯಾಗಿ ಜಿಪಿಎಲ್ ಆಯ್ತು. ಆ ಪತ್ರಗಳನ್ನು ಅವರು ಸಿಲಿಸ್ಪ್ ಜೊತೆಗೇ ಒಂದು ಫೈಲಾಗಿ ಇಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಓದುತ್ತಾ ಹೋದ ಹಾಗೆ ನನಗೆ ಮುಖ ಬಿಸಿಯಾಯ್ತು. ನಮ್ಮ ಮೀಟಿಂಗಿನಲ್ಲಿ ಆಡಿದ ಮಾತುಗಳೇ ಅಲ್ಲಿದ್ದ ಹಾಗಿತ್ತು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಹೈಬಲ್ ವಾದದಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ. ಸಾವಿರಾರು ಸಾಲು ನಾನು ಬರೆದಿರ್ತೀನಿ. ಬಾಣದ ಗುಂಡಿ ಕೆಲಸ ಮಾಡಲಿ ಅಂತ ಒಂದು ಚಿಕ್ಕ ಲೈಬ್ರರಿ ಜೋಡಿಸಿದರೆ, ಅದಕ್ಕೆ ಬದಲಾಗಿ ನನ್ನದೆಲ್ಲ ಬಿಚ್ಚಿಡು ಅನ್ನೋದು ಯಾವ ನ್ಯಾಯ? ಒಂದು ಚಮಚಕ್ಕೆ ಒಂದು ಪಾತ್ರೆಯೇ?

ಈ ಪ್ರಶ್ನೆಯನ್ನು ನಾನು ಬಹಳ ದಿನ ಇಟ್ಟುಕೊಂಡು ಓಡಾಡಿದೀನಿ. ಈಗ ನನಗನ್ನಿಸೋದು ಇದು. ಅದು ನಿಜವಾಗಿ ಅಷ್ಟು ಚಿಕ್ಕದಾಗಿದ್ದರೆ ನಾವೇ ಬರೆದುಕೊಳ್ಳಬಹುದಿತ್ತು. ಇಸ್ಕೊಳ್ಳುವಾಗ 'ಇದು ದೊಡ್ಡದು, ಬರೆಯೋಕೆ ಮೂರು ತಿಂಗಳು ಬೇಕು' ಅಂತೀವಿ, ಕೊಡುವಾಗ 'ಇದೇನ್ ಮಹಾ, ಒಂದು ಚಮಚ' ಅಂತೀವಿ. ಒಂದೇ ವಸ್ತುವನ್ನು ಎರಡು ತಕ್ಕಡಿಯಲ್ಲಿ ತೂಗ್ತಿದೀವಿ. ಮೇಲಾಗಿ ಯಾರೂ ಬಲವಂತ ಮಾಡಿರಲಿಲ್ಲ. ಷರತ್ತನ್ನು ಮೊದಲೇ ಬರೆದು ಬಾಗಿಲಿಗೆ ಅಂಟಿಸಿದ್ದರು. ದೀಪ ಹಚ್ಚಿದ ಮೇಲೆ ಕೊಡಲ್ಲ ಅನ್ನೋ ಮನೆಗೆ ದೀಪ ಹಚ್ಚುವ ಮುಂಚೆ ಹೋಗಬೇಕು, ಇಲ್ಲಾ ಬೇರೆ ಮನೆಗೆ ಹೋಗಬೇಕು. ಬೇರೆ ಮನೆ ಇತ್ತು ಕೂಡ. ಲಿಬ್‌ಎಡಿಟ್ ಅಂತ ಇನ್ನೊಂದು ಲೈಬ್ರರಿ ಬಿಎಸ್‌ಡಿ ಲೈಸೆನ್ಸಿನಲ್ಲಿದೆ, ಹೆಚ್ಚುಕಮ್ಮಿ ಅದೇ ಕೆಲಸ ಮಾಡುತ್ತೆ. ಆಪಲ್ ತನ್ನ ಮ್ಯಾಕ್‌ನಲ್ಲಿ ರೀಡ್‌ಲೈನ್ ಜಾಗದಲ್ಲಿ ಇಟ್ಟುಕೊಂಡಿರೋದು ಅದನ್ನೇ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಗೆರೆ ಎಲ್ಲಿದೆ? ಲಿನಕ್ಸ್ ಕರ್ನಲ್ ಜಿಪಿಎಲ್. ಆದರೆ ಅದರ ಮೇಲೆ ಓಡುವ ಪ್ರೋಗ್ರಾಮುಗಳು ಮಾಮೂಲಿ ಸಿಸ್ಟಮ್ ಕಾಲ್ ಮೂಲಕ ಕರ್ನಲ್ ಸೇವೆ ಪಡೆದರೆ ಅವಕ್ಕೆ ಈ ಷರತ್ತು ತಗಲಲ್ಲ ಅಂತ ಲೀನಸ್ ಟೋರ್ವಾಲ್ಡ್ಸ್ ಲೈಸೆನ್ಸಿನ ತಲೆಗೇ ಬರೆದಿಟ್ಟರು. ಎರಡು ಬೇರೆಬೇರೆ ಪ್ರೋಗ್ರಾಮುಗಳು ಪೈಪ್ ಮೂಲಕ ಮಾತಾಡಿಕೊಂಡರೆ ಸಾಮಾನ್ಯವಾಗಿ ಅವು ಬೇರೆಬೇರೆಯೇ ಅಂತ ಸ್ಟಾಲ್‌ಮನ್ನರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನೇ ಹೇಳುತ್ತೆ. ಪೈಪ್ ಆದರೆ ಸರಿ, ಡೈನಾಮಿಕ್ ಲಿಂಕ್ ಆದರೆ ತಪ್ಪು. ಬಳಸುವವನ ಕಣ್ಣಿನಲ್ಲಿ ನೋಡಿದರೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ. ಡೈನಾಮಿಕ್ ಲಿಂಕ್ ಮಾಡಿದ ಮಾತ್ರಕ್ಕೆ ಕಾನೂನಿನ ಕಣ್ಣಿನಲ್ಲಿ ಎರಡೂ ಒಂದೇ ಕೃತಿಯಾಗುತ್ತಾ ಅನ್ನೋದರ ಬಗ್ಗೆ ವಕೀಲರಲ್ಲೇ ಒಮ್ಮತವಿಲ್ಲ. ಗೆರೆ ಎಲ್ಲೋ ಒಂದು ಕಡೆ ಸುಮ್ಮನೆ ಎಳೆದ ಹಾಗಿದೆ ಅಂದರೆ ನಾನು ಇಲ್ಲ ಅನ್ನಲ್ಲ.

ಆದರೆ ನಮ್ಮೂರಿನಲ್ಲಿ ಯಾವ ಹೊಲದ ಬದುವೂ ದೇವರು ಹಾಕಿದ್ದಲ್ಲ. ಯಾವುದೋ ಕಾಲದಲ್ಲಿ ಯಾರೋ ಸರಪಳಿ ಎಳೆದರು, ಅಲ್ಲಿ ಬದು ಬಿತ್ತು. ಒಂದಡಿ ಆಚೆ ಬೀಳಬಹುದಿತ್ತು, ಈಚೆಗೂ ಬೀಳಬಹುದಿತ್ತು. ಅದಕ್ಕೇ ಅಂತ ಉಳುವಾಗ ವರ್ಷಕ್ಕೆ ಒಂದೊಂದು ಗೇಣು ಬದು ಒತ್ತುವವನನ್ನು ಊರು ಏನಂತ ಕರೆಯುತ್ತೆ ಅಂತ ನಿಮಗೂ ಗೊತ್ತು. ಗೆರೆ ಯಾರೋ ಎಳೆದದ್ದು ಅನ್ನೋದು ಗೆರೆ ಒತ್ತೋಕೆ ಪರವಾನಗಿ ಅಲ್ಲ. ಬದು ತಪ್ಪಾಗಿದೆ ಅನ್ನಿಸಿದರೆ ಪಕ್ಕದ ಹೊಲದವರನ್ನು ಕರೆದು, ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಮುಂದೆ ಅಳೆಸಬೇಕು.

ನನಗೂ ಹೈಬಲ್‌ಗೂ ಇದ್ದ ವ್ಯತ್ಯಾಸ ಇದೇ. ಮಾಡಿದ ತಂತ್ರ ಹೆಚ್ಚುಕಮ್ಮಿ ಒಂದೇ. ಅವರು ಹಗಲಲ್ಲಿ ನಿಂತು ವಾದ ಮಾಡಿದರು, ತಮ್ಮ ಹೆಸರು ಹಾಕಿ ಬರೆದರು, ಆಮೇಲೆ ಆ ಪತ್ರಗಳನ್ನೂ ಮುಚ್ಚಿಡಲಿಲ್ಲ. ನಮ್ಮ ಮೀಟಿಂಗಿನಲ್ಲಿ 'ರೀಡ್‌ಲೈನ್ ಬರೆದವರನ್ನೇ ಒಂದು ಮಾತು ಕೇಳೋಣ' ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಉತ್ತರ ಏನು ಬರುತ್ತೆ ಅಂತ ನಮಗೆಲ್ಲ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬೆರೆಸಿದ್ದು ಗ್ರಾಹಕ ಅಂತ ಅಂದುಕೊಂಡೆವು. ಪಕ್ಕದ ಮನೆ ಹೆಪ್ಪನ್ನು ನಾನು ಮುಟ್ಟಲ್ಲ, ಹಾಲು ಇಟ್ಟು ಬಾಗಿಲು ತೆರೆದಿಡ್ತೀನಿ, ನಮ್ಮ ಮನೆಗೆ ಬರುವ ನೆಂಟರೇ ಒಂದು ಚಮಚ ತಂದು ಹಾಕ್ಲಿ ಅನ್ನೋ ಥರ. ಇದನ್ನು ಅಮ್ಮನಿಗೆ ಹೇಳಿದ್ದರೆ ನಗುತ್ತಿದ್ದರು.

ಲಿಂಕ್ ಸ್ಟ್ಯಾಟಿಕ್ಕೋ ಡೈನಾಮಿಕ್ಕೋ, ಫೈಲ್ ಒಂದೋ ಎರಡೋ ಅನ್ನೋದು ವಕೀಲರ ಪ್ರಶ್ನೆ, ಅದೂ ಬೇಕು. ನನ್ನಂಥ ಎಂಜಿನಿಯರ್ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೂ ಸರಳ. ಕೊಟ್ಟವನು ಈಗ ನನ್ನ ಪಕ್ಕದಲ್ಲಿ ಕೂತು ಸ್ಕ್ರೀನ್ ನೋಡುತ್ತಿದ್ದರೆ ಈ ಸಾಲನ್ನು ಹೀಗೇ ಬರೀತೀನಾ? ಬರೀತೀನಿ ಅಂದರೆ ಬಹುಶಃ ಸರಿಯಿದೆ. ಕಿಟಕಿ ಮುಚ್ಚಿಬಿಡ್ತೀನಿ ಅಂದರೆ ಯಾವ ಥರದ ಲಿಂಕ್ ಆದರೂ ಅಷ್ಟೇ.

ಹಳ್ಳಿಯ ಉದಾಹರಣೆ ಕೊಟ್ಟು ಹಳ್ಳಿಯೇ ಸರಿ, ಪೇಟೆಯೇ ತಪ್ಪು ಅಂತ ಮುಗಿಸಿದರೆ ಅದು ಸುಳ್ಳಾಗುತ್ತೆ. ನಮ್ಮೂರಿನಲ್ಲಿ ಹೆಪ್ಪು ಎಲ್ಲರ ಮನೆಗೂ ಹೋಗುತ್ತಿರಲಿಲ್ಲ. ಊರ ಬಾವಿಯಲ್ಲಿ ಎಲ್ಲರೂ ನೀರು ಸೇದುವ ಹಾಗಿರಲಿಲ್ಲ. ಯಾರಿಗೆ ಕೊಡಬಹುದು, ಯಾರ ಲೋಟಕ್ಕೆ ಮೇಲಿಂದ ಹುಯ್ಯಬೇಕು ಅನ್ನೋದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ನಮ್ಮ ಕೊಡುಕೊಳ್ಳುವಿಕೆ ಬಹಳ ಚೆನ್ನಾಗಿತ್ತು ಅಂತ ಹೇಳುವವರು ಒಳಗೆ ಇದ್ದವರು. ಹೊರಗೆ ನಿಂತವರನ್ನು ಕೇಳಿದರೆ ಬೇರೆ ಕಥೆ ಹೇಳ್ತಾರೆ. ಜಿಪಿಎಲ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗಿದ್ದು ಇದೇ ಜಾಗದಲ್ಲಿ. ಅದು ನೀನು ಯಾರು ಅಂತ ಕೇಳಲ್ಲ. ಯಾವ ದೇಶ, ಯಾವ ಕಂಪನಿ, ಯಾವ ಜಾತಿ, ಏನಕ್ಕೆ ಬಳಸ್ತೀಯ, ಒಂದನ್ನೂ ಕೇಳಲ್ಲ. ನೀನು ಮುಂದಿನವರಿಗೆ ಏನು ಮಾಡ್ತೀಯ ಅಂತ ಮಾತ್ರ ಕೇಳುತ್ತೆ. ನಮ್ಮ ಊರಿಗೆ ಇಂಥದ್ದೊಂದು ಲೈಸೆನ್ಸ್ ಬೇಕಿತ್ತು.

ಆ ಮುಂದಿನವರು ಬರೀ ಮಾತಿಗೆ ಹೇಳುವವರಲ್ಲ. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಅನ್ನೋ ವೈಫೈ ಪೆಟ್ಟಿಗೆಯೊಳಗೆ ಲಿನಕ್ಸ್ ಇದೆ ಅಂತ ಬಳಕೆದಾರರು ಪತ್ತೆ ಮಾಡಿದರು. ಸೋರ್ಸ್ ಕೊಡಿ ಅಂತ ಒತ್ತಾಯ ಬಂತು, ಕಂಪನಿ ಕೊಟ್ಟಿತು. ಆ ಕೋಡಿನಿಂದ ಹುಟ್ಟಿದ್ದು ಓಪನ್‌ಡಬ್ಲ್ಯುಆರ್‌ಟಿ. ಇವತ್ತು ಕಂಪನಿಗಳು ಕೈಬಿಟ್ಟ ಎಷ್ಟೋ ಹಳೇ ರೌಟರುಗಳು ಅದರಿಂದ ಮತ್ತೆ ಬದುಕುತ್ತಿವೆ. ನಮ್ಮ ಮನೆಯದೂ ಅಂಥದ್ದೇ ಒಂದು. ಯಾರೋ ಕೆಲವರು ಲೈಸೆನ್ಸ್ ಓದಿ ಪಟ್ಟು ಹಿಡಿಯದೇ ಇದ್ದಿದ್ದರೆ ಆ ಮೊಸರು ಹೆಪ್ಪಾಗುತ್ತಲೇ ಇರಲಿಲ್ಲ.

ಇನ್ನು ನನ್ನ ನಾಲ್ಕು ಸಾಲು ಏನಾಯ್ತು? ಮುಂದಿನ ಬಿಡುಗಡೆಗೆ ರೀಡ್‌ಲೈನ್ ತೆಗೆದು ಲಿಬ್‌ಎಡಿಟ್ ಹಾಕೋಣ ಅಂತ ನಾನೇ ಎತ್ತಿದೆ. "ಈಗ ಯಾರು ಕೇಳ್ತಿದಾರೆ?" ಅಂದರು ಮ್ಯಾನೇಜರ್. ಯಾರೂ ಕೇಳ್ತಿಲ್ಲ ಸರ್, ಅದಕ್ಕೇ ಈಗ ಮಾಡೋಣ ಅಂದೆ. ಅವರಿಗೆ ಅರ್ಥವಾಯ್ತೋ ಇಲ್ಲವೋ, ಬೇಡ ಅನ್ನಲಿಲ್ಲ. ನಾಲ್ಕು ದಿನದ ಕೆಲಸ ಹಿಡೀತು. ಒಂದು ಮಧ್ಯಾಹ್ನದಲ್ಲಿ ಉಳಿಸಿಕೊಂಡಿದ್ದಕ್ಕೆ ನಾಲ್ಕು ದಿನ ಕೊಟ್ಟೆ. ಕೈಪಿಡಿಯ ಆ ಸಾಲನ್ನೂ ಅಳಿಸಿದೆ, ಲಿಬ್‌ಎಡಿಟ್ ಬರೆದವರ ಹೆಸರು ಇರುವ ಪುಟ ಸೇರಿಸಿದೆ.

ಅಲ್ಲಿಗೆ ಲೆಕ್ಕ ಚುಕ್ತಾ ಆಯ್ತು ಅಂತ ಹೇಳಲಾರೆ. ಮೊದಲ ಬಿಡುಗಡೆ ತೆಗೆದುಕೊಂಡ ಗ್ರಾಹಕರ ಹತ್ತಿರ ಆ ನಾಲ್ಕು ಸಾಲು ಇನ್ನೂ ಓಡುತ್ತಿರಬಹುದು. ಅವರಿಗೆ ಸೋರ್ಸ್ ಸಿಗಲಿಲ್ಲ, ಸಿಗಬೇಕಿತ್ತು ಅಂತ ಯಾರೂ ಅವರಿಗೆ ಹೇಳಲೂ ಇಲ್ಲ. ಆ ಕಂಪನಿ ಬಿಟ್ಟು ವರ್ಷಗಳಾದವು. ಈಗಿನ ಕೆಲಸದಲ್ಲಿ ಹೊಸ ಹುಡುಗರು ಲೈಬ್ರರಿ ಸೇರಿಸುವಾಗ ಮೊದಲು ಲೈಸೆನ್ಸ್ ಫೈಲ್ ತೆರೆಸಿ ಓದಿಸ್ತೀನಿ. ಕೆಲವರು ಬೇಜಾರು ಮಾಡ್ಕೋತಾರೆ. ಒಬ್ಬ ಹುಡುಗ ಕೇಳಿದ, "ಅಣ್ಣ, ಸಿಕ್ಕಿಹಾಕ್ಕೊಂಡ್ರೆ ತಾನೆ ತೊಂದರೆ?" ಅಂತ. ಅವನಿಗೆ ಈ ಕಥೆಯನ್ನೇ ಹೇಳಿದೆ, ನಾನು ಸಿಕ್ಕಿಹಾಕ್ಕೊಳ್ಳಲಿಲ್ಲ ಅನ್ನೋದನ್ನೂ ಸೇರಿಸಿ.

ಯುಗಾದಿಯ ಮಾರನೇ ದಿನ ಬೆಳಿಗ್ಗೆ ಪಾತ್ರೆಯ ಮೊಸರು ಗಟ್ಟಿಯಾಗಿ ಕೂತಿತ್ತು. ಬಡಿಸೋಕೆ ಮುಂಚೆ ಅಮ್ಮ ಅದರಲ್ಲಿ ಒಂದು ಸೌಟು ತೆಗೆದು ಬೇರೆ ಇಟ್ಟರು. "ಅದು ಯಾರಿಗೆ?" ಅಂದೆ. "ಯಾರಾದ್ರೂ ಬರ್ತಾರೆ ಬಿಡು" ಅಂದರು.